ಕಾಲೇಜಿನ ವಿಳಾಸಕ್ಕೆ ಬಂದ ಮೇಲ್ ಜಿಮೇಲ್‌ಗೆ ತಿರುಗಿಸಿದರೆ ತಡೆಯುತ್ತಿದೆ, ಏನು ಮಾಡಲಿ?

ಮಂಡ್ಯದ ನಿಮ್ಮ ಕಾಲೇಜಿನ 300 ವಿಳಾಸಗಳನ್ನು ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ಸರ್ವರ್ ತಂತ್ರಾಂಶ) ಅಲಿಯಾಸ್ ಮೂಲಕ, ಅಂದರೆ ಯಾವ ವಿಳಾಸದ ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಪಟ್ಟಿಯಿಂದ, ಜಿಮೇಲ್‌ಗೆ ತಿರುಗಿಸಿದ್ದೀರಿ, ಎಸ್‌ಆರ್‌ಎಸ್ (ತಿರುಗಿಸುವಾಗ ಕಳಿಸಿದವರ ವಿಳಾಸ ಬದಲಿಸುವ ವ್ಯವಸ್ಥೆ) ಹಾಕಿದ ಮೇಲೂ ಲಾಗ್‌ನಲ್ಲಿ ಜಿಮೇಲ್‌ನ 421 4.7.28 ಅನ್ನುವ ತಾತ್ಕಾಲಿಕ ತಡೆಯ ಸಂಕೇತ ಬರುತ್ತಿದೆ ಅಂದಿದ್ದೀರಿ. ಅದು ಎಸ್‌ಪಿಎಫ್ (ಆ ಡೊಮೈನ್ ಪರವಾಗಿ ಮೇಲ್ ಕಳಿಸಲು ಈ ಸರ್ವರ್‌ಗೆ ಅನುಮತಿ ಇದೆಯೇ ಅನ್ನುವ ತಪಾಸಣೆ) ತಕರಾರಲ್ಲ, ನಿಮ್ಮ ಕಡೆಯಿಂದ ಬೇಡದ ಮೇಲ್ ವಿಪರೀತ ಬರುತ್ತಿದೆ ಅನ್ನುವ ದೂರು. ಎಸ್‌ಪಿಎಫ್, ಡಿಕಿಮ್ (ಮೇಲ್ ಮೇಲೆ ಕಳಿಸುವ ಡೊಮೈನ್ ಹಾಕುವ ಡಿಜಿಟಲ್ ಸಹಿ) ಎರಡೂ ಕೈಕೊಟ್ಟಿದ್ದರೆ 550 5.7.26 ಕಾಣುತ್ತಿತ್ತು.

ಎಸ್‌ಆರ್‌ಎಸ್ ಮಾಡುವುದೇನು? ಮೈಸೂರಿನ ಅಂಗಡಿ ಕಳಿಸಿದ ಬಿಲ್ಲಿನ ಲಕೋಟೆ ವಿಳಾಸ (ಸರ್ವರ್‌ಗಳು ತಮ್ಮೊಳಗೆ ಬಳಸುವ ಕಳಿಸಿದವರ ವಿಳಾಸ) ನಿಮ್ಮ ಸರ್ವರ್ ದಾಟುವಾಗ ‘ಎಸ್‌ಆರ್‌ಎಸ್0=ಸಹಿ=ದಿನ=ಅಂಗಡಿ ಡೊಮೈನ್=ಹೆಸರು’ ಅಂತಾಗಿ, @ ಆದಮೇಲೆ ನಿಮ್ಮ ಡೊಮೈನ್ ಕೂರುತ್ತೆ. ಎಸ್‌ಪಿಎಫ್ ಪಾಸು. ಲಾಟರಿ ಹೊಡೆದಿದೆ ಅನ್ನುವ ಮೇಲ್‌ಗೂ ಇದೇ ಮುದ್ರೆ! ಕಸಕ್ಕೂ ನೀವೇ ಜಾಮೀನು ನಿಂತಂತಾಯ್ತು. ಡಿಮಾರ್ಕ್‌ಗೆ (ಎಸ್‌ಪಿಎಫ್ ಅಥವಾ ಡಿಕಿಮ್ ಡೊಮೈನ್ ಫ್ರಮ್ ಸಾಲಿಗೆ ಹೊಂದುತ್ತದೆಯೇ ಅನ್ನುವ ತಪಾಸಣೆ) ಇದರಿಂದ ಪ್ರಯೋಜನವೂ ಇಲ್ಲ. ಫ್ರಮ್ ಸಾಲಿನ ಡೊಮೈನ್ ಬೇರೆಯಾದ್ದರಿಂದ ಅಲ್ಲಿ ಕಾಯುವುದು ಮೂಲ ಡಿಕಿಮ್ ಸಹಿ ಮಾತ್ರ.

ಹಾಗಾಗಿ ಮೊದಲು ಸೋಸಿ, ಆಮೇಲೆ ತಿರುಗಿಸಿ. ಆರ್‌ಸ್ಪ್ಯಾಮ್‌ಡಿಯನ್ನು (ಮೇಲ್‌ಗೆ ಕಸದ ಅಂಕ ಕೊಡುವ ತಂತ್ರಾಂಶ) 11332 ಪೋರ್ಟ್‌ನಲ್ಲಿ ಮಿಲ್ಟರ್ ಆಗಿ, ಅಂದರೆ ಪೋಸ್ಟ್‌ಫಿಕ್ಸ್ ಮೇಲ್ ಒಪ್ಪುವ ಮುಂಚೆ ಕೇಳುವ ಸೋಸುಕವಾಗಿ ಕೂರಿಸಿ. ಡೀಫಾಲ್ಟ್ ಪ್ರಕಾರ 6 ಅಂಕಕ್ಕೆ ಬರೀ ಹೆಡರ್ ಸೇರುತ್ತೆ, 15ಕ್ಕೆ ತಿರಸ್ಕಾರ. ನಡುವಿನದೆಲ್ಲ ಜಿಮೇಲ್‌ಗೆ ಹೋಗುತ್ತಲ್ಲ, ಹೆಸರು ಕೆಡುವುದು ಅಲ್ಲೇ. 6 ದಾಟಿದ್ದು ಸರ್ವರ್‌ನಲ್ಲೇ ಜಂಕ್ ಫೋಲ್ಡರ್‌ಗೆ ಬೀಳಲಿ. ಇದಕ್ಕೆ ಅಲಿಯಾಸ್ ಪಟ್ಟಿ ಸಾಲದು, ಅದು ಅಂಕ ನೋಡುವುದಿಲ್ಲ. ಮೇಲ್ ಡವ್‌ಕಾಟ್ (ಮೇಲನ್ನು ಪೆಟ್ಟಿಗೆಗೆ ಹಾಕುವ ತಂತ್ರಾಂಶ) ತನಕ ಬಂದು ಅದರ ಸೀವ್ ಅನ್ನುವ ನಿಯಮಗಳಿಂದ ತಿರುಗಬೇಕು. 15 ದಾಟಿದ್ದನ್ನು ಎಸ್‌ಎಂಟಿಪಿ ಬಾಗಿಲಲ್ಲೇ ವಾಪಸ್ ಕಳಿಸಿ. ಒಳಗೆ ತಗೊಂಡು ಆಮೇಲೆ ಬೌನ್ಸ್ (ತಲುಪಲಿಲ್ಲ ಅನ್ನುವ ವಾಪಸ್ ಮೇಲ್) ಮಾಡಿದರೆ ಅದು ಯಾರದೋ ಕದ್ದ ವಿಳಾಸಕ್ಕೆ ಹೋಗಿ ಹೊಸ ತಲೆನೋವು.

ವಿಷಯದ ಸಾಲಿಗೆ ‘ಸ್ಪ್ಯಾಮ್’ ಅಂಟಿಸುವುದು, ಮೇಲ್ ಕೊನೆಗೆ ಕಾಲೇಜಿನ ಸೂಚನೆ ಸೇರಿಸುವುದು ಬೇಡವೇ ಬೇಡ, ಡಿಕಿಮ್ ಸಹಿ ಮುರಿಯುತ್ತೆ. (ಪ್ರಿನ್ಸಿಪಾಲರು ಕೇಳೇ ಕೇಳುತ್ತಾರೆ, ಒಪ್ಪಬೇಡಿ.) ಎಆರ್‌ಸಿ (ಮೇಲ್ ನಿಮಗೆ ಬಂದಾಗ ತಪಾಸಣೆ ಪಾಸಾಗಿತ್ತೇ ಅಂತ ನೀವು ಹಾಕುವ ಮುದ್ರೆ) ಹಾಕಿ, ನಷ್ಟವಿಲ್ಲ. ನಂಬುವುದು ಬಿಡುವುದು ಜಿಮೇಲ್ ಮರ್ಜಿ.

ಫೀಸು, ಪರೀಕ್ಷೆ ಸೂಚನೆ ಹೋಗುವ ಐಪಿ ಬೇರೆ, ಫಾರ್ವರ್ಡ್ ಐಪಿ ಬೇರೆ ಇರಲಿ, ಎರಡಕ್ಕೂ ಪಿಟಿಆರ್ (ಐಪಿಯಿಂದ ಹೆಸರು ತಿಳಿಸುವ ಡಿಎನ್‌ಎಸ್ ದಾಖಲೆ) ಸರಿ ಇರಲಿ. ಎಸ್‌ಆರ್‌ಎಸ್‌ಗೆ ಪ್ರತ್ಯೇಕ ಉಪಡೊಮೈನ್ ಕೊಡಿ, ಅದಕ್ಕೆ ಎಸ್‌ಪಿಎಫ್ ಜೊತೆ ಎಂಎಕ್ಸ್ (ಆ ಡೊಮೈನ್‌ನ ಮೇಲ್ ಯಾವ ಸರ್ವರ್‌ಗೆ ಅನ್ನುವ ದಾಖಲೆ) ಕೂಡ ಬೇಕು, ಇಲ್ಲದಿದ್ದರೆ ಬೌನ್ಸ್ ಹಿಂದಿರುಗುವುದಿಲ್ಲ.

ಈಗ ಕ್ಯೂನಲ್ಲಿ ನಿಂತಿರುವುದರಲ್ಲಿ ಕಸ ಆರಿಸಿ ಅಳಿಸಿ. ಉಳಿದದ್ದನ್ನು ಪೋಸ್ಟ್‌ಫಿಕ್ಸ್ ಡೀಫಾಲ್ಟ್ ಆಗಿ 5 ದಿನ ತಾನೇ ಮತ್ತೆ ಮತ್ತೆ ಕಳಿಸಿ ನೋಡುತ್ತೆ. ಗಳಿಗೆಗೊಮ್ಮೆ ಫ್ಲಶ್ ಒತ್ತಿ ಕ್ಯೂನಲ್ಲಿದ್ದದ್ದನ್ನೆಲ್ಲ ತಕ್ಷಣ ಕಳಿಸಲು ಹೋದರೆ 421 ಇನ್ನೂ ಜಾಸ್ತಿಯಾಗುತ್ತೆ.