ಇಂಜಿನ್ ಕೋಣೆಯಲ್ಲಿದ್ದವನು ಎಲ್ಲಿ ಹೋದ?

ಪ್ರಿಯರೇ,

ಪಿಟಿ-109 ಎಂಬ ಅಮೆರಿಕದ ಟಾರ್ಪಿಡೊ ದೋಣಿಗೆ 1943ರ ಆಗಸ್ಟ್ 2ರ ನಡುರಾತ್ರಿ ಕಳೆದ ಮೇಲೆ, ಸೊಲೊಮನ್ ದ್ವೀಪಗಳ ಬಳಿ, ಜಪಾನಿನ ಯುದ್ಧನೌಕೆ ಅಮಗಿರಿ ಗುದ್ದಿದ ಘಟನೆಯ ಮೇಲೆ ನೀವು ಕಟ್ಟಿದ ಕಥೆ ಓದಿದೆ. ಭಾಷೆ ಚೆನ್ನಾಗಿದೆ, ಕಾಗುಣಿತದ ತಪ್ಪಿಲ್ಲ. ಆದರೆ ಮೂರನೆಯ ಪುಟ ನನ್ನನ್ನು ರೇಗಿಸಿತು.

‘ಮೂರೂ ಇಂಜಿನ್‌ಗಳು ಘರ್ಜಿಸಿದವು’ ಎನ್ನುತ್ತೀರಿ. ಆಗ ಗೇರಿನಲ್ಲಿದ್ದದ್ದು ಒಂದೇ ಇಂಜಿನ್. ದೋಣಿಯ ಹಿಂದೆ ನೀರಿನಲ್ಲಿ ಮೂಡುವ ಹೊಳಪಿನ ಗೆರೆ ಜಪಾನಿನ ವಿಮಾನಗಳ ಕಣ್ಣಿಗೆ ಬೀಳದಿರಲೆಂದು ಸದ್ದಡಗಿಸಿಕೊಂಡು ನಿಧಾನವಾಗಿ ಸಾಗುತ್ತಿದ್ದರು. 40 ನಾಟ್ ವೇಗದಲ್ಲಿ ಓಡಬಲ್ಲ ದೋಣಿ ಅದು! ಹಡಗು ಕತ್ತಲಿನಿಂದ ಎದ್ದು ಬಂದಾಗ ಆ ವೇಗ ಕೈಗೆ ಸಿಗಲಿಲ್ಲ. ಭಯ ಇದ್ದದ್ದು ಅಲ್ಲಿ. ಅದರ ಮೇಲೆ ನೀವು ಘರ್ಜನೆ ಹೊದಿಸಿದ್ದೀರಿ.

ಮುಂದೆ, ‘ಉಕ್ಕಿನ ಒಡಲು ನಡುಗಿತು.’ ಯಾವ ಉಕ್ಕು? 80 ಅಡಿಯ ಆ ದೋಣಿಯ ಒಡಲು ಮಹಾಗನಿ ಹಲಗೆಯದು, ಒಳಗೆ ತುಂಬಿದ್ದು ವಿಮಾನಕ್ಕೆ ಬಳಸುವಂಥ ಪೆಟ್ರೋಲ್. ಇಷ್ಟನ್ನು ಮೊದಲ ಪುಟದಲ್ಲೇ ಹೇಳಿದ್ದರೆ ಯಾರಾದರೂ ಸಿಗರೇಟು ತೆಗೆದರೂ ಓದುಗನ ಎದೆ ಝಲ್ಲೆನ್ನುತ್ತಿತ್ತು.

‘ಕೆಳಗಿದ್ದವನೊಬ್ಬನಿಗೆ ಸುಟ್ಟಗಾಯಗಳಾದವು.’ ಅಷ್ಟೇನಾ? ಅವನಿಗೊಂದು ಹೆಸರಿದೆ, ಪ್ಯಾಟ್ರಿಕ್ ಮೆಕ್‌ಮಹೋನ್. ಇಂಜಿನ್ ಕೋಣೆಯಲ್ಲಿದ್ದವನಿಗೆ ಮೇಲೆ ಏನು ಬರುತ್ತಿದೆಯೆಂಬುದೇ ಕಾಣದು. ನೀರು ಅವನನ್ನು ಆಳಕ್ಕೆ ಎಳೆದುಕೊಂಡಿತು. ಮೇಲೆದ್ದದ್ದು ಉರಿಯುವ ಪೆಟ್ರೋಲಿನ ನಡುವೆ. ಮಧ್ಯಾಹ್ನ ದೋಣಿಯ ನಾಯಕ ಕೆನಡಿ, ಮುಂದೆ ಅಧ್ಯಕ್ಷರಾದವರು, ಅವನ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗಂಟೆಗಟ್ಟಲೆ ಈಜಿದ್ದಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಹಲ್ಲು ಕೆನಡಿಯವರದು, ಸರಿ. ಸುಟ್ಟ ಚರ್ಮಕ್ಕೆ ಉಪ್ಪುನೀರು ತಾಗಿದ್ದು ಯಾರಿಗೆ?

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾಟಕ ವಿಮರ್ಶೆ ಬರೆಸುತ್ತಿದ್ದರು. ಹಿರಿಯ ಉಪಸಂಪಾದಕರೊಬ್ಬರು ಪ್ರತಿಯನ್ನು ಕೊನೆಯಿಂದ ನೋಡುತ್ತಿದ್ದರು. ಬೆಳಕು ನಿರ್ವಹಿಸಿದವನ ಹೆಸರಿಲ್ಲದಿದ್ದರೆ ಮೇಜಿನ ಮೇಲೆ ಮಗುಚಿಟ್ಟು, ‘ರಾಜನ ಮುಖ ನಿನಗೆ ಹೇಗಯ್ಯಾ ಕಂಡಿತು?’ ಎನ್ನುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಆಗ ವಿಪರೀತ ಕೋಪವಿತ್ತು. ಈಗ ನಿಮಗೆ ನನ್ನ ಮೇಲೆ ಬರುತ್ತಿರಬಹುದು, ಬರಲಿ.

ಗುದ್ದುವುದಕ್ಕೆ ಮುಂಚಿನ ಐದು ನಿಮಿಷವನ್ನು ಮೆಕ್‌ಮಹೋನ್ ನಿಂತ ಜಾಗದಿಂದ ಮತ್ತೆ ಬರೆದು ಕಳುಹಿಸಿ. ಕೆನಡಿ ನೆರವು ಕೋರಿ ತೆಂಗಿನಚಿಪ್ಪಿನ ಮೇಲೆ ಸಂದೇಶ ಕೆತ್ತುವ ಭಾಗದ ಜಗಳವನ್ನು ಆಮೇಲೆ ಆಡೋಣ.