ಸೈಕಲ್ ಚಕ್ರಕ್ಕೆ ಬೆಲ್ಟ್ ಪುಲ್ಲಿ: ಪ್ಲೈವುಡ್ಡೋ, ಹಳೆಯ ರಿಮ್ಮೋ?

ಪ್ರಶ್ನೆ: ನನ್ನ 28 ಅಂಗುಲದ ಹಳೆಯ ಸೈಕಲ್ಲಿಗೆ ಕಳೆ ಕತ್ತರಿಸುವ ಯಂತ್ರದ 35 ಸಿಸಿ ಎಂಜಿನ್ ಜೋಡಿಸಿ, ಅಡಿಕೆ ತೋಟದೊಳಗೆ ಓಡಾಡಲು ಬಳಸುತ್ತಿದ್ದೇನೆ. ಹಿಂದಿನ ಚಕ್ರಕ್ಕೆ ಪ್ಲೈವುಡ್ಡಿನಲ್ಲಿ ಮಾಡಿದ ಪುಲ್ಲಿ ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಬೆಲ್ಟ್ ಪದೇ ಪದೇ ಕಳಚಿಕೊಳ್ಳುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಮ್ಮ ಮಳೆಗಾಲಕ್ಕೆ ಪ್ಲೈವುಡ್ ಹೊಂದುವುದಿಲ್ಲ. ಎಷ್ಟೇ ಬಣ್ಣ ಬಳಿದರೂ ಬೋಲ್ಟಿನ ತೂತುಗಳಿಂದ ನೀರು ಒಳಗಿಳಿದು, ಪದರಗಳು ಉಬ್ಬಿ, ಬೆಲ್ಟ್ ಕೂರುವ ಕಾಲುವೆಯ ಅಂಚು ಅಗಲವಾಗುತ್ತದೆ. ಬೆಲ್ಟ್ ಹಾರುವುದು ಅಲ್ಲಿಂದಲೇ. ಅದನ್ನು ತೆಗೆದುಹಾಕಿ, ಸೈಕಲ್ ರಿಪೇರಿ ಅಂಗಡಿಯಲ್ಲಿ ಮಕ್ಕಳ ಸೈಕಲ್ಲಿನ 20 ಅಂಗುಲದ ಉಕ್ಕಿನ ರಿಮ್ ಕೇಳಿ ತನ್ನಿ. ಟಯರ್ ಕೂರುವ ಕಾಲುವೆಯಲ್ಲಿ 13 ಮಿ.ಮೀ. ಅಗಲದ ‘ಎ’ ಅಳತೆಯ ವಿ-ಬೆಲ್ಟ್ ಸಲೀಸಾಗಿ ಕೂರುತ್ತದೆ. ರಿಮ್ಮಿನ ಬೆಸುಗೆಯನ್ನೂ ಕಡ್ಡಿಯ ತೂತುಗಳ ಅಂಚನ್ನೂ ಅರದಿಂದ ಚೆನ್ನಾಗಿ ಉಜ್ಜಿ, ಇಲ್ಲವಾದರೆ ಅವು ಬೆಲ್ಟನ್ನು ತಿಂದುಹಾಕುತ್ತವೆ.

ಅಲ್ಲಿ ಬೆಲ್ಟ್ ಪಕ್ಕಗಳನ್ನು ಕಚ್ಚದೆ ತಳದ ಮೇಲೆ ಕೂರುವುದನ್ನು ಕಂಡು ಗಾಬರಿಯಾಗಬೇಡಿ. ದೊಡ್ಡ ಪುಲ್ಲಿಯನ್ನು ಬೆಲ್ಟ್ ಅರ್ಧಕ್ಕಿಂತ ಹೆಚ್ಚು ಸುತ್ತುವರಿಯುವುದರಿಂದ ಅಷ್ಟು ಹಿಡಿತವೇ ಸಾಕು. ಜಾರುವುದು ಎಂಜಿನ್ ಕಡೆಯ ಚಿಕ್ಕ ಪುಲ್ಲಿಯಲ್ಲಿ; ಅದನ್ನು ಮಾತ್ರ ಲೇತ್‌ನಲ್ಲಿ 75 ಮಿ.ಮೀ. ವ್ಯಾಸಕ್ಕೆ, 34 ಡಿಗ್ರಿ ಕೋನದ ಕಾಲುವೆಯೊಂದಿಗೆ ಕಡೆಸಿ, ಬೆಲ್ಟ್ ಅದರ ತಳ ಮುಟ್ಟದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈ ರಿಮ್ಮನ್ನು ಹಿಂದಿನ ಚಕ್ರಕ್ಕೆ ಜೋಡಿಸುವ ಕೆಲಸ. ಸೈಕಲ್ ಕಡ್ಡಿಗಳು ಎಳೆತವನ್ನು ತಾಳುತ್ತವೆಯೇ ಹೊರತು ಬಾಗುವಿಕೆಯನ್ನಲ್ಲ. ಹೀಗಾಗಿ ನಾಲ್ಕೇ ಕಡೆ ಬಿಗಿದರೆ ಆ ನಾಲ್ಕು ಕಡ್ಡಿಗಳೇ ಮುರಿಯುತ್ತವೆ; ಎಡಬದಿಯ ಕಡ್ಡಿಗಳ ಸುತ್ತ ಕನಿಷ್ಠ ಹತ್ತು ಕಡೆಯಾದರೂ, ನಡುವೆ ಹಳೆಯ ಟ್ಯೂಬಿನ ತುಂಡು ಇಟ್ಟು, ಪಟ್ಟಿ ಮತ್ತು ಬೋಲ್ಟುಗಳಿಂದ ಹಿಡಿಸಿ. ಮೊದಲು ಚಕ್ರದ ಔಟ್ (ಓಲಾಟ) ತೆಗೆಸಿರಬೇಕು. ಆಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಅಡಿಕೆ ದಬ್ಬೆಯ ಒಂದು ಸಿಬಿರನ್ನು ಫ್ರೇಮಿಗೆ ಕಟ್ಟಿ, ಅದರ ತುದಿ ಪುಲ್ಲಿಯ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿರುವಂತೆ ಮಾಡಿ ಚಕ್ರವನ್ನು ನಿಧಾನವಾಗಿ ತಿರುಗಿಸಿ. ಸಿಬಿರು ಕೆರೆದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಆ ಭಾಗದ ಬೋಲ್ಟ್ ಸಡಿಲಿಸಿ ಸರಿಪಡಿಸಿ. ಪಕ್ಕದ ಓಲಾಟ 1 ಮಿ.ಮೀ. ಒಳಗೆ ಬರುವವರೆಗೂ ತಾಳ್ಮೆಯಿಂದ ಮಾಡಿ. ಒಂದು ಮಧ್ಯಾಹ್ನ ಪೂರ್ತಿ ಬೇಕಾದೀತು, ಆದರೆ ಪುಲ್ಲಿಯ ಗುಣವೆಲ್ಲ ಇದರಲ್ಲೇ ಇದೆ.

ಇನ್ನು ವೇಗದ ಲೆಕ್ಕ. ರಿಮ್ಮಿನಲ್ಲಿ ಬೆಲ್ಟ್ ಕೂರುವ ವ್ಯಾಸ ಸುಮಾರು 400 ಮಿ.ಮೀ. ಎಂಜಿನ್ ಕಡೆಯ ಪುಲ್ಲಿ 75 ಮಿ.ಮೀ. ಆದ್ದರಿಂದ ಸುತ್ತಿನ ವೇಗದ ಇಳಿಕೆ ಸುಮಾರು ಐದೂಕಾಲು ಪಟ್ಟು ಮಾತ್ರ. ನಿಮಿಷಕ್ಕೆ 6000 ಸುತ್ತುವ ಎಂಜಿನ್ನಿಗೆ, ಗಂಟೆಗೆ 25 ಕಿ.ಮೀ. ಒಳಗಿರಬೇಕಾದರೆ, ಮೂವತ್ತು ಪಟ್ಟಿಗೂ ಹೆಚ್ಚು ಇಳಿಕೆ ಬೇಕು. ಐದೂಕಾಲನ್ನು ಆರರಿಂದ ಗುಣಿಸಿದರೆ ಅಷ್ಟಾಗುತ್ತದೆ; ಆ ಆರು ಪಟ್ಟನ್ನು ನಡುವೆ ಅಡ್ಡ ಶಾಫ್ಟ್ ಅಥವಾ ಗೇರ್ ಪೆಟ್ಟಿಗೆ ಹಾಕಿಯೇ ಪಡೆಯಬೇಕು. ಎಡಬದಿಯಲ್ಲಿ ಫ್ರೀವೀಲ್ (ಪೆಡಲ್ ನಿಲ್ಲಿಸಿದರೂ ಚಕ್ರ ತಿರುಗಲು ಬಿಡುವ ಭಾಗ) ಇಲ್ಲದ ಕಾರಣ ಎಂಜಿನ್ನಿನ ಕ್ಲಚ್ಚನ್ನು ತೆಗೆಯಬೇಡಿ.

ತೋಟದಾಚೆಗೆ ಮಾತ್ರ ಇದನ್ನು ಒಯ್ಯಬೇಡಿ. 1988ರ ಮೋಟಾರು ವಾಹನ ಕಾಯ್ದೆ ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿಗೆ ಕೊಟ್ಟಿರುವ ವಿನಾಯಿತಿ 25 ಸಿಸಿವರೆಗೆ ಮಾತ್ರ. ಅಲ್ಲದೆ ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ತೋಟದ ಇಳಿಜಾರಿನಲ್ಲೂ ಎಂಜಿನ್ ತಗ್ಗಿಸಿ ನಿಧಾನವಾಗಿ ಇಳಿಯಿರಿ. ಪಂಚೆಯುಟ್ಟು ಓಡಿಸುವವರಾದರೆ, ಬೆಲ್ಟಿಗೆ ತಗಡಿನ ಮರೆ ಹಾಕದೆ ಸೈಕಲ್ ಹತ್ತಲೇಬೇಡಿ.