ಗೋಪುರದ ಸುತ್ತ ಬಿಳಿ ಅಂಚು

ಪ್ರಶ್ನೆ: ಕೋಲಾರದ ಸೋಮೇಶ್ವರ ಗುಡಿಯ ಗೋಪುರವನ್ನು ದೀಪಾಲಂಕಾರದ ರಾತ್ರಿ ಮೂರು ಎಕ್ಸ್‌ಪೋಶರ್‌ನಲ್ಲಿ (ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ) ಫೋಟೋ ತೆಗೆದು ಎಚ್‌ಡಿಆರ್ ಮಾಡಿದೆ, ಅಂದರೆ ಮೂರನ್ನೂ ಸೇರಿಸಿ ಒಂದೇ ಚಿತ್ರ ಮಾಡಿದೆ. ಸುತ್ತಲೂ ಬಿಳಿ ಅಂಚು, ಆಕಾಶವೆಲ್ಲ ಕಾಳು ಕಾಳು. ಏನು ಮಾಡಲಿ?

ಉತ್ತರ: ಟೋನ್ ಮ್ಯಾಪಿಂಗ್ (ಸೇರಿಸಿದ ಚಿತ್ರದಲ್ಲಿ ಬೆಳಕು-ಕತ್ತಲೆ ಹೊಂದಿಸುವುದು) ಜಾಸ್ತಿಯಾದರೆ ಅಂಚು ಹಾಗೆ ಬೆಳ್ಳಗಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಇಳಿಸಿ. ಶ್ಯಾಡೋ (ಕತ್ತಲೆ ಭಾಗ) ಎತ್ತಿದಷ್ಟೂ ಕಾಳು ಏಳುತ್ತದೆ. ಆಕಾಶ ಕಪ್ಪಾಗಿಯೇ ಇರಲಿ ಬಿಡಿ, ರಾತ್ರಿ ಅಲ್ವಾ! ನನಗೆ ಮುಖ್ಯ ದೀಪದ ಪಕ್ಕದ ಕೆತ್ತನೆ. ಫೋಟೋದಲ್ಲಿ ಬಲ್ಬಿನ ಬುಡದ ಕಲ್ಲು ಬೆಳಕು ಹೆಚ್ಚಾಗಿ ಪೂರ್ತಿ ಬಿಳಿಯಾದರೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರುವುದಿಲ್ಲ. ಅದಕ್ಕೇ ತೀರಾ ಕಪ್ಪಗಿರುವ ಫ್ರೇಮ್ ಕೂಡ ಬೇಕು. ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್/8ರಲ್ಲಿ (ಲೆನ್ಸಿನ ಕಿಂಡಿಯ ಅಳತೆ) ಬೇರೆ ಬೇರೆ ಎಕ್ಸ್‌ಪೋಶರ್‌ನ ಐದು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಹೋದರೆ ಇನ್ನೂ ಒಳ್ಳೆಯದು. ಆಗ ಆಕಾಶದಲ್ಲಿ ನೀಲಿ ಇರುತ್ತದೆ, ಶ್ಯಾಡೋ ಎತ್ತುವ ಕೆಲಸವೇ ಕಡಿಮೆ.